ಕಡಲಾಮೆ ಗೂಡಿಗೆ ಕಬ್ಬಿಣದ ಜಾಲರಿ ಹಾಕಬಹುದಾ? ಕಾಂತಕ್ಷೇತ್ರ, ಪ್ರಾಣಿಗಳ ನಡವಳಿಕೆ, ಕಲಿಕೆ ಬಗ್ಗೆ ಚರ್ಚೆ

ಕಡಲಮಗ

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನಾಯಿ, ನರಿ ಅಗೆದು ತಿನ್ನದಿರಲಿ ಅಂತ ನಾವು ಊರಿನ ಹುಡುಗರು ಗೂಡಿನ ಸುತ್ತ ಬೇಲಿ ಕಟ್ಟುತ್ತೇವೆ. ಬಿದಿರು, ನೈಲಾನ್ ಬಲೆಯನ್ನು ನಾಯಿಗಳು ಹರಿದುಬಿಡುತ್ತವೆ ಅಂತ ಈ ಸಲ ದಪ್ಪ ಜಿಐ ಜಾಲರಿ ತಂದಿಟ್ಟಿದ್ದೇವೆ. ಇನ್ನೂ ಕಟ್ಟಿಲ್ಲ.

ಮೊನ್ನೆ ಬಂದಿದ್ದ ಒಬ್ಬರು "ಕಬ್ಬಿಣ ಹಾಕಬೇಡಿ, ಆಮೆ ಮರಿಗಳಿಗೆ ಭೂಮಿಯ ಅಯಸ್ಕಾಂತ ಗೊತ್ತಾಗುತ್ತೆ, ದಿಕ್ಕು ತಪ್ಪುತ್ತವೆ" ಅಂದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈಗ ಇದೇ ಮಾತು. ಒಬ್ಬ ಮೊಬೈಲ್ ಟವರ್ ಅಂತಾನೆ, ಇನ್ನೊಬ್ಬ ಹೈಟೆನ್ಶನ್ ಲೈನ್ ಅಂತಾನೆ, ಮತ್ತೊಬ್ಬ ಇದೆಲ್ಲ ಕಟ್ಟುಕಥೆ ಅಂತಾನೆ. ಗೊತ್ತಿದ್ದವರು ಹೇಳಿ. ಜಾಲರಿ ಕಟ್ಟೋದಾ, ಬೇಡವಾ?

ನಡವಳಿಕೆ_ಪಾಠ

ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯ್ತು. ನಾನು ಜರ್ಮನಿಯಲ್ಲಿ ಪ್ರಾಣಿಗಳ ನಡವಳಿಕೆ ಬಗ್ಗೆ ಓದುತ್ತಿದ್ದೇನೆ. ಕಡಲಾಮೆ ಈ ವಿಷಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪರೀಕ್ಷೆಗೆ ಒಳಗಾದ ಪ್ರಾಣಿಗಳಲ್ಲಿ ಒಂದು.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಲೋಮನ್ ಅನ್ನುವವರ ತಂಡ ಇದೆ. ಫ್ಲಾರಿಡಾ ತೀರದ ಲಾಗರ್‌ಹೆಡ್ ಕಡಲಾಮೆ ಮರಿಗಳ ಮೇಲೆ ಅವರು 1990ರ ದಶಕದಿಂದ ಕೆಲಸ ಮಾಡುತ್ತಿದ್ದಾರೆ. ಆಗಷ್ಟೇ ಮೊಟ್ಟೆಯಿಂದ ಬಂದ ಮರಿಗೆ ಮೆತ್ತನೆ ಪಟ್ಟಿ ತೊಡಿಸಿ, ಅದಕ್ಕೊಂದು ದಾರ ಕಟ್ಟಿ, ದುಂಡನೆ ತೊಟ್ಟಿಯಲ್ಲಿ ಈಜಲು ಬಿಡುತ್ತಾರೆ. ತೊಟ್ಟಿಯ ಸುತ್ತ ತಂತಿಯ ದೊಡ್ಡ ದೊಡ್ಡ ಸುರುಳಿಗಳಿವೆ. ಅವುಗಳಲ್ಲಿ ಕರೆಂಟು ಹಾಯಿಸಿದರೆ ಒಳಗಿನ ಕಾಂತಕ್ಷೇತ್ರವನ್ನು ಬೇಕಾದ ಹಾಗೆ ಬದಲಿಸಬಹುದು. ಕತ್ತಲು. ಅಲೆ ಇಲ್ಲ, ಬೆಳಕಿಲ್ಲ, ತೀರದ ವಾಸನೆ ಇಲ್ಲ. ಮರಿ ಯಾವ ಕಡೆ ಈಜುತ್ತೆ ಅಂತ ದಾರ ಹೇಳುತ್ತೆ.

2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಮರಿಗಳಿಗೆ ಅಟ್ಲಾಂಟಿಕ್ ಸಾಗರದ ಬೇರೆ ಬೇರೆ ಜಾಗದ ಕಾಂತಕ್ಷೇತ್ರ ಕೊಟ್ಟರು. ಪೋರ್ಚುಗಲ್ ಕಡೆಯ ಕ್ಷೇತ್ರ ಕೊಟ್ಟಾಗ ಮರಿಗಳು ದಕ್ಷಿಣದ ಕಡೆ ತಿರುಗಿದವು. ನಿಜವಾದ ಸಮುದ್ರದಲ್ಲಿ ಅಲ್ಲಿ ಉತ್ತರಕ್ಕೆ ಹೋದರೆ ತಣ್ಣೀರಿಗೆ ಸಿಕ್ಕಿ ಸಾಯುತ್ತವೆ. ಆ ಮರಿಗಳು ಅಲ್ಲಿಯತನಕ ಸಮುದ್ರವನ್ನೇ ಕಂಡಿರಲಿಲ್ಲ.

ಇನ್ನು ನಿಮ್ಮ ಜಾಲರಿ. 2004ರಲ್ಲಿ ಇದೇ ಲೋಮನ್ ಮತ್ತು ಜೊತೆಗಾರರು, ಗೂಡಿನ ರಕ್ಷಣೆಗೆ ಹಾಕುವ ಜಿಐ ತಂತಿಯ ಪಂಜರಗಳು ಒಳಗಿನ ಕಾಂತಕ್ಷೇತ್ರವನ್ನು ಕೆಡಿಸುತ್ತವೆ ಅಂತ ಅಳೆದು ತೋರಿಸಿದರು. 2014ರಲ್ಲಿ ಇನ್ನೊಂದು ಪ್ರಯೋಗ ಬಂತು. ಕೆಲವು ಮೊಟ್ಟೆಗಳನ್ನು ಸಹಜ ಕ್ಷೇತ್ರದಲ್ಲಿ, ಕೆಲವನ್ನು ಅಯಸ್ಕಾಂತಗಳಿಂದ ಕೆಡಿಸಿದ ಕ್ಷೇತ್ರದಲ್ಲಿ ಮರಿ ಮಾಡಿಸಿದರು. ಸಹಜವಾಗಿ ಬೆಳೆದ ಮರಿಗಳು ಸರಿಯಾದ ಕಡೆ ಈಜಿದವು. ಕೆಟ್ಟ ಕ್ಷೇತ್ರದಲ್ಲಿ ಬೆಳೆದವು ಒಂದು ದಿಕ್ಕು ಅಂತ ಹಿಡಿಯಲೇ ಇಲ್ಲ. ಅಂದರೆ ಮೊಟ್ಟೆಯೊಳಗೆ ಇರುವಾಗಲೇ ಏನೋ ಹೊಂದಾಣಿಕೆ ಆಗುತ್ತಿದೆ.

ಈ ಪ್ರಯೋಗಗಳು ನಡೆದಿದ್ದು ಲಾಗರ್‌ಹೆಡ್ ಮೇಲೆ, ರಿಡ್ಲೆ ಮೇಲಲ್ಲ. ಆದರೂ ಬೇರೆ ದಾರಿ ಇರುವಾಗ ಕಬ್ಬಿಣ ಬೇಡ ಅನ್ನುವುದೇ ನನ್ನ ಮಾತು.

ಪಿಯು_ಮೇಷ್ಟ್ರು

ಮೇಡಂ ಹೇಳಿದ್ದಕ್ಕೆ ಭೌತಶಾಸ್ತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಜಿಐ ಅಂದರೆ ಮೇಲೆ ಸತುವಿನ ಲೇಪ, ಒಳಗೆ ಕಬ್ಬಿಣ. ಲೇಪದಿಂದ ಏನೂ ಬದಲಾಗಲ್ಲ. ಭೂಮಿಯ ಕಾಂತಕ್ಷೇತ್ರ ತುಂಬಾ ಸಣ್ಣದು. ಜಗತ್ತಿನಾದ್ಯಂತ 25ರಿಂದ 65 ಮೈಕ್ರೋಟೆಸ್ಲಾ, ನಮ್ಮ ಕರ್ನಾಟಕದಲ್ಲಿ 40ರ ಆಸುಪಾಸು. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಮೈಗೆ ತಾಗಿದಂತೆ ಅಳೆದರೆ ಇದರ ನೂರು ಪಟ್ಟಿಗೂ ಜಾಸ್ತಿ ಇರುತ್ತೆ. ಇಷ್ಟು ಸಣ್ಣದನ್ನು ಕೆಡಿಸಲು ದೊಡ್ಡ ಕಬ್ಬಿಣ ಬೇಕಾಗಿಲ್ಲ.

ಪರೀಕ್ಷೆ ಸುಲಭ. ಒಂದು ಒಳ್ಳೆಯ ದಿಕ್ಸೂಚಿ ತಗೊಳ್ಳಿ. ಬಯಲಲ್ಲಿ ಇಟ್ಟು ಉತ್ತರ ಗುರುತು ಮಾಡಿ. ಆಮೇಲೆ ನಿಮ್ಮ ಜಾಲರಿಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಮುಳ್ಳು ಅಲುಗಿದರೆ ಆ ಜಾಲರಿ ಗೂಡಿನ ಹತ್ತಿರ ಬೇಡ. ಮೊಬೈಲಿನ ದಿಕ್ಸೂಚಿ ನಂಬಬೇಡಿ, ಅದು ತಾನೇ ಲೆಕ್ಕ ಸರಿಮಾಡಿಕೊಳ್ಳುತ್ತೆ. ಅಲ್ಯೂಮಿನಿಯಂ ಜಾಲರಿ, ದಪ್ಪ ಪ್ಲಾಸ್ಟಿಕ್ ಜಾಲರಿ ಎರಡೂ ಆಗುತ್ತೆ. ಕಟ್ಟಲು ಕಬ್ಬಿಣದ ಮೊಳೆ, ಬೈಂಡಿಂಗ್ ವೈರ್ ಬಳಸಬೇಡಿ.

ಕಡಲಮಗ

ತುಂಬಾ ಉಪಕಾರ ಮೇಷ್ಟ್ರೇ, ಮೇಡಂ. ಶಾಲೆಯಿಂದ ದಿಕ್ಸೂಚಿ ತಂದು ನೋಡಿದೆವು. ಜಾಲರಿ ಒಂದು ಗೇಣು ಹತ್ತಿರ ಬರುವಾಗಲೇ ಮುಳ್ಳು ಪಕ್ಕಕ್ಕೆ ವಾಲಿತು. ಅಂಗಡಿಯವರು ಬದಲಿಸಿ ಕೊಡಲು ಒಪ್ಪಿದ್ದಾರೆ.

ಇನ್ನೊಂದು ಕೇಳಬೇಕಿತ್ತು. ಕೆಲವು ಗೂಡುಗಳನ್ನು ಅಲೆ ಬಡಿಯುವ ಜಾಗದಿಂದ ಎತ್ತಿ ಬೇರೆ ಕಡೆ ಹೂಳುತ್ತೇವೆ, ಎರಡು ಮೂರು ಕಿಲೋಮೀಟರ್ ದೂರಕ್ಕೆ. ಅದೂ ತಪ್ಪಾ?

ಪಿಯು_ಮೇಷ್ಟ್ರು

ಕಾಂತಕ್ಷೇತ್ರದ ಲೆಕ್ಕದಲ್ಲಿ ಚಿಂತೆ ಇಲ್ಲ. ಕ್ಷೇತ್ರದ ಗೆರೆಗಳು ನೆಲಕ್ಕೆ ಎಷ್ಟು ವಾಲಿರುತ್ತವೆ ಅನ್ನುವ ಕೋನ ನಮ್ಮ ಅಕ್ಷಾಂಶದಲ್ಲಿ ನೂರು ಕಿಲೋಮೀಟರಿಗೆ ಸುಮಾರು ಎರಡು ಡಿಗ್ರಿ ಬದಲಾಗುತ್ತೆ. ಎರಡು ಮೂರು ಕಿಲೋಮೀಟರಿಗೆ ಏನೂ ಇಲ್ಲ ಅಂದರೂ ಸರಿ. ಮರಳಿನ ತೇವ, ಬಿಸಿ, ಮೊಟ್ಟೆ ತಿರುಗಿಸದೆ ಒಯ್ಯುವುದು, ಇವನ್ನು ನೋಡಿಕೊಳ್ಳಿ.

ಕೊಟ್ಟಿಗೆ_ಹಾಸನ

ನಾನು ಹೈನುಗಾರಿಕೆ ಮಾಡುವವಳು. ಹಸುಗಳು ಉತ್ತರ-ದಕ್ಷಿಣಕ್ಕೇ ಮುಖ ಮಾಡಿ ಮೇಯುತ್ತವೆ, ಅದು ಭೂಮಿಯ ಅಯಸ್ಕಾಂತದಿಂದ ಅಂತ ಹಿಂದೆ ಪೇಪರಿನಲ್ಲಿ ಬಂದಿತ್ತು. ನಮ್ಮ ಅಜ್ಜಿ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತಿದ್ದರು. ಎರಡಕ್ಕೂ ಸಂಬಂಧ ಇದೆಯಾ?

ನಡವಳಿಕೆ_ಪಾಠ

ನೀವು ಓದಿದ್ದು 2008ರ ಅಧ್ಯಯನ. ಜರ್ಮನಿಯ ಸಬೀನ್ ಬೆಗಾಲ್, ಹೈನೆಕ್ ಬುರ್ಡಾ ಮತ್ತು ಜೊತೆಗಾರರದ್ದು. ಗೂಗಲ್ ಅರ್ತ್ ಚಿತ್ರಗಳಲ್ಲಿ 308 ಹುಲ್ಲುಗಾವಲುಗಳ 8,510 ದನಗಳು ಯಾವ ಕಡೆಗೆ ನಿಂತಿವೆ ಅಂತ ನೋಡಿದರು. ಸರಾಸರಿಯಲ್ಲಿ ಉತ್ತರ-ದಕ್ಷಿಣ ಸಾಲು ಕಂಡಿತು. ಮರುವರ್ಷ ಅದೇ ಗುಂಪು, ಹೈಟೆನ್ಶನ್ ಲೈನಿನ ಕೆಳಗೆ ಈ ಸಾಲು ಕೆಡುತ್ತೆ ಅಂತ ಬರೆಯಿತು. 2011ರಲ್ಲಿ ಜೆಕ್ ದೇಶದ ಇನ್ನೊಂದು ಗುಂಪು ಅದೇ ರೀತಿ ಚಿತ್ರ ನೋಡಿದಾಗ ಅಂಥ ಸಾಲು ಸಿಗಲಿಲ್ಲ. ಚಿತ್ರಗಳು ಮಸುಕು, ಇಳಿಜಾರಿನ ಜಾಗ ಸೇರಿಸಿದ್ದೀರಿ ಅಂತ ಮೊದಲಿನ ಗುಂಪು, ಇಲ್ಲ ಅಂತ ಜೆಕ್ ಗುಂಪು. ವಾದ ಅಲ್ಲೇ ನಿಂತಿದೆ.

ಅಜ್ಜಿಯ ಮಾತಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ದನಗಳು ಹೇಗೆ ನಿಲ್ಲುತ್ತವೆ ಅನ್ನುವುದರಿಂದ ಮನುಷ್ಯರು ಹೇಗೆ ಮಲಗಬೇಕು ಅಂತ ಬರಲ್ಲ. ಮನುಷ್ಯರ ಮೇಲೂ ಪ್ರಯೋಗ ಆಗಿದೆ. 2019ರಲ್ಲಿ ಕ್ಯಾಲ್ಟೆಕ್‌ನ ಜೋಸೆಫ್ ಕಿರ್ಶ್ವಿಂಕ್ ತಂಡ, ಕತ್ತಲ ಕೋಣೆಯಲ್ಲಿ ಕಾಂತಕ್ಷೇತ್ರ ತಿರುಗಿಸಿದಾಗ ಕೆಲವರ ಮಿದುಳಿನ ಆಲ್ಫಾ ಅಲೆ ತಗ್ಗುತ್ತೆ ಅಂತ ವರದಿ ಮಾಡಿತು. ಕುಳಿತವರಿಗೆ ಏನೂ ಅನ್ನಿಸಿರಲಿಲ್ಲ. ನಿದ್ದೆ, ಆರೋಗ್ಯದ ಬಗ್ಗೆ ಆ ಪ್ರಯೋಗ ಏನೂ ಹೇಳಲ್ಲ.

ದನ ಯಾವ ಕಡೆ ನಿಂತಿದೆ ಅಂತ ಎಣಿಸುವುದು ನನ್ನ ಲೆಕ್ಕದಲ್ಲಿ ಬಲವಾದ ಸಾಕ್ಷಿ ಅಲ್ಲ. ಬಿಸಿಲು, ಗಾಳಿ, ಇಳಿಜಾರು, ಬೇಲಿ, ಪಕ್ಕದ ದನ, ಎಲ್ಲವೂ ಸೇರಿ ದಿಕ್ಕು ತೀರ್ಮಾನ ಆಗುತ್ತೆ. ಪ್ರಾಣಿಗೆ ಕಾಂತಕ್ಷೇತ್ರ ಗೊತ್ತಾಗುತ್ತಾ ಅಂತ ಕೇಳಬೇಕಾದರೆ, ಆ ಕ್ಷೇತ್ರವನ್ನೇ ಗುರುತಾಗಿ ಇಟ್ಟು ಏನಾದರೂ ಕಲಿಸಬೇಕು. ಕಲಿತರೆ ಗೊತ್ತಾಗುತ್ತೆ ಅಂತ ಖಾತ್ರಿ. ಈ ಇಡೀ ವಿಷಯದಲ್ಲಿ ನನಗೆ ನಂಬಿಕೆ ಹುಟ್ಟಿಸಿದ್ದು ಇಂಥ ಪ್ರಯೋಗಗಳೇ.

ಕೋಳಿ ಮರಿಯ ಪ್ರಯೋಗವನ್ನೇ ನೋಡಿ. 2005ರಲ್ಲಿ ಆಸ್ಟ್ರೇಲಿಯಾದಲ್ಲಿ ರಫೇಲ್ ಫ್ರೈರ್, ಲೆಸ್ಲಿ ರೋಜರ್ಸ್, ಜೊತೆಗೆ ಜರ್ಮನಿಯ ವೋಲ್ಫ್‌ಗಾಂಗ್ ವಿಲ್ಚ್ಕೋ ಮಾಡಿದ್ದು. ಮೊಟ್ಟೆ ಒಡೆದ ಮರಿಯ ಪಂಜರದಲ್ಲಿ ಒಂದು ಕೆಂಪು ಟೇಬಲ್ ಟೆನಿಸ್ ಚೆಂಡು ತೂಗುಹಾಕುತ್ತಾರೆ. ಅಮ್ಮ ಇಲ್ಲದ ಮರಿ ಆ ಚೆಂಡನ್ನೇ ಅಮ್ಮ ಅಂತ ಹಚ್ಚಿಕೊಳ್ಳುತ್ತೆ. ಆಮೇಲೆ ಬಿಳಿ ಗೋಡೆಯ ಚೌಕ ಕಣ. ನಾಲ್ಕು ಮೂಲೆಗೆ ನಾಲ್ಕು ಪರದೆ, ನೋಡಲು ಎಲ್ಲ ಒಂದೇ. ಚೆಂಡನ್ನು ಯಾವಾಗಲೂ ಒಂದೇ ದಿಕ್ಕಿನ ಪರದೆಯ ಹಿಂದೆ ಅಡಗಿಸುತ್ತಾರೆ. ಮರಿ ಆ ಕಡೆ ಓಡಿ ಹುಡುಕಲು ಕಲಿಯುತ್ತೆ. ಕಲಿತ ಮೇಲೆ ಸುರುಳಿಗಳಿಂದ ಕಾಂತೀಯ ಉತ್ತರವನ್ನು 90 ಡಿಗ್ರಿ ತಿರುಗಿಸುತ್ತಾರೆ. ಕಣ ಅದೇ, ಪರದೆ ಅವೇ. ಮರಿಗಳು ಹುಡುಕುವ ಜಾಗವೂ 90 ಡಿಗ್ರಿ ತಿರುಗಿತು.

ವಲಸೆ ಹೋಗದ, ಅಂಗಳ ಬಿಟ್ಟು ದೂರ ಹಾರದ ಕೋಳಿ ಇದು. ನಮ್ಮ ಏಷ್ಯಾದ ಕೆಂಪು ಕಾಡುಕೋಳಿಯ ವಂಶ. ಅದಕ್ಕೂ ದಿಕ್ಸೂಚಿ ಬೇಕಾಗಿದೆ ಅಂದರೆ ಇದು ಬರೀ ವಲಸೆ ಹಕ್ಕಿಗಳ ಶಕ್ತಿ ಅಲ್ಲ.

ಹೋಮರ್_ಶಿವಾಜಿನಗರ

ಅಕ್ಕ, ನಾವು ಬೆಂಗಳೂರಿನಲ್ಲಿ ರೇಸ್ ಪಾರಿವಾಳ ಸಾಕುತ್ತೇವೆ. ಹೋಮರ್ ಹಕ್ಕಿಗಳು, ಅಂದರೆ ದೂರ ಒಯ್ದು ಬಿಟ್ಟರೂ ಮನೆಗೆ ಮರಳುವಂಥವು. ಬಿಸಿಲಿದ್ದ ದಿನ ಬೇಗ ಬರುತ್ತವೆ. ಮೋಡ ಕವಿದರೆ ತಡ, ಕೆಲವು ಬರೋದೇ ಇಲ್ಲ. ಹಳಬರು "ಹಕ್ಕಿ ಸೂರ್ಯನನ್ನು ನೋಡಿ ಬರುತ್ತೆ" ಅಂತಾರೆ. ಹೊಸಬರು "ಕೊಕ್ಕಿನಲ್ಲಿ ಕಬ್ಬಿಣ ಇದೆ" ಅಂತಾರೆ. ಯಾವುದು ಸರಿ?

ನಡವಳಿಕೆ_ಪಾಠ

ಹಳಬರ ಮಾತಿಗೆ ಆಧಾರ ಜಾಸ್ತಿ ಇದೆ. ಆದರೆ ಸೂರ್ಯ ಒಂದೇ ಅಲ್ಲ.

1971ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಕೀಟನ್ ಕೆಲವು ಪಾರಿವಾಳಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿದರು. ಇನ್ನು ಕೆಲವಕ್ಕೆ ಅಷ್ಟೇ ಅಳತೆಯ ಹಿತ್ತಾಳೆ ತುಂಡು. ಹಿತ್ತಾಳೆ ಯಾಕೆ ಅಂದರೆ, ಬೆನ್ನ ಮೇಲೆ ಭಾರ ಇದ್ದರೇ ಹಕ್ಕಿ ಗಲಿಬಿಲಿ ಆಗಬಹುದಲ್ವಾ. ಬಿಸಿಲಿದ್ದಾಗ ಎರಡೂ ಗುಂಪು ಸರಿಯಾಗಿ ಮನೆ ಕಡೆ ಹೊರಟವು. ಮೋಡ ಮುಚ್ಚಿದಾಗ ಹಿತ್ತಾಳೆಯವು ಸರಿಯಾಗಿ ಹೊರಟವು, ಅಯಸ್ಕಾಂತದವು ದಿಕ್ಕಾಪಾಲಾದವು. ಅಂದರೆ ಸೂರ್ಯ ಕಂಡರೆ ಸೂರ್ಯ, ಕಾಣದಿದ್ದರೆ ಕಾಂತಕ್ಷೇತ್ರ. 1974ರಲ್ಲಿ ಚಾರ್ಲ್ಸ್ ವಾಲ್ಕಾಟ್ ಮತ್ತು ರಾಬರ್ಟ್ ಗ್ರೀನ್ ಪಾರಿವಾಳದ ತಲೆಗೇ ಪುಟ್ಟ ಸುರುಳಿ ತೊಡಿಸಿ, ಕರೆಂಟಿನ ದಿಕ್ಕು ಬದಲಿಸಿದರು. ಮೋಡದ ದಿನ ಕೆಲವು ಹಕ್ಕಿ ಮನೆಗೆ ಬೆನ್ನು ಹಾಕಿ ಹಾರಿದವು.

ಇಲ್ಲಿಗೇ ಕಥೆ ನಿಲ್ಲಿಸಿದರೆ ಚೆಂದ. ಆದರೆ ಕೀಟನ್ 1971ರಿಂದ 1979ರವರೆಗೆ ಇಂಥ ಪ್ರಯೋಗ ಇನ್ನೂ 35 ಸಲ ಮಾಡಿದ್ದರು. ಅವರು 1980ರಲ್ಲಿ ತೀರಿಕೊಂಡರು. ಆ ಲೆಕ್ಕವನ್ನು 1988ರಲ್ಲಿ ಬ್ರೂಸ್ ಮೂರ್ ಒಟ್ಟುಗೂಡಿಸಿ ನೋಡಿದಾಗ ಮೊದಲಿನಷ್ಟು ಸ್ಪಷ್ಟ ಪರಿಣಾಮ ಸಿಗಲಿಲ್ಲ.

ಇನ್ನು ಕೊಕ್ಕಿನ ಕಬ್ಬಿಣ. 2004ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕಾರ್ಡುಲಾ ಮೋರಾ ಮತ್ತು ಮೈಕಲ್ ವಾಕರ್ ತಂಡ ಪಾರಿವಾಳಗಳಿಗೆ ಪಾಠ ಹೇಳಿತು. ಒಂದು ಸುರಂಗದಂಥ ಕೋಣೆ. ಒಂದೊಂದು ತುದಿಗೆ ಒಂದೊಂದು ಕೂರುವ ಹಲಗೆ. ಸುರುಳಿಯ ಕರೆಂಟು ಹಾಕಿದಾಗ ಒಂದು ತುದಿಗೆ ಹೋದರೆ ಕಾಳು, ಹಾಕದಿದ್ದಾಗ ಇನ್ನೊಂದು ತುದಿಗೆ ಹೋದರೆ ಕಾಳು. ಪಾರಿವಾಳಗಳು ಕಲಿತವು. ಮೂಗಿನ ಬುಡಕ್ಕೆ ಅಯಸ್ಕಾಂತ ಅಂಟಿಸಿದರೆ ಗೊಂದಲ ಆಯಿತು. ಕೊಕ್ಕಿನ ಮೇಲ್ಭಾಗದಿಂದ ಬರುವ ಟ್ರೈಜೆಮಿನಲ್ ನರದ ಒಂದು ಕವಲು ಕತ್ತರಿಸಿದರೆ ಕಲಿತದ್ದು ಕೆಲಸಕ್ಕೆ ಬರಲಿಲ್ಲ.

ಆಗ ಎಲ್ಲರೂ ಕೊಕ್ಕಿನಲ್ಲಿ ಕಂಡಿದ್ದ ಕಬ್ಬಿಣ ತುಂಬಿದ ಕೋಶಗಳನ್ನು ತೋರಿಸಿದರು. 2012ರಲ್ಲಿ ವಿಯೆನ್ನಾದ ಡೇವಿಡ್ ಕೇಸ್ ತಂಡ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಅವು ನರಕೋಶ ಅಲ್ಲವೇ ಅಲ್ಲ. ಹಳೆಯ ರಕ್ತಕಣ ತಿಂದು ಅದರ ಕಬ್ಬಿಣ ಇಟ್ಟುಕೊಳ್ಳುವ ಮ್ಯಾಕ್ರೋಫೇಜ್ ಕೋಶಗಳು. ಆದ್ದರಿಂದ ನಿಮ್ಮ ಗೆಳೆಯರು ತೋರಿಸುವ ಆ ಹಳೆಯ ಚಿತ್ರ ಈಗ ಚಲಾವಣೆಯಲ್ಲಿಲ್ಲ. ಪಾರಿವಾಳ ಕಾಂತಕ್ಷೇತ್ರ ಕಲಿಯುತ್ತೆ. ಅಂಗ ಎಲ್ಲಿದೆ ಅನ್ನುವುದು ಇನ್ನೂ ಹುಡುಕಾಟದಲ್ಲಿದೆ.

ದಯವಿಟ್ಟು ನಿಮ್ಮ ಹಕ್ಕಿಗಳಿಗೆ ಅಯಸ್ಕಾಂತ ಅಂಟಿಸಿ ನೋಡಬೇಡಿ. ಮೋಡದ ದಿನ ಬೆಂಗಳೂರಿನ ಮೇಲೆ ದಾರಿ ತಪ್ಪಿದ ಹಕ್ಕಿಗೆ ಗಿಡುಗ ಕಾಯುತ್ತಿರುತ್ತೆ.

ಹೋಮರ್_ಶಿವಾಜಿನಗರ

ಖಂಡಿತ ಅಂಟಿಸಲ್ಲ ಅಕ್ಕ. ಆದರೆ ಬಿಟ್ಟ ದಿನದ ಮೋಡ, ಬಂದ ಹೊತ್ತು ನಮ್ಮಲ್ಲಿ ಎಲ್ಲರ ಹತ್ತಿರ ಪುಸ್ತಕದಲ್ಲಿ ಬರೆದಿಟ್ಟದ್ದು ಇದೆ.

ಜೀವಕೋಶ_ಧಾರವಾಡ

ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ಅಂಗ ಸಿಕ್ಕಿಲ್ಲ ಅನ್ನೋದು ಪೂರ್ತಿ ಸರಿಯಾ? ಕಣ್ಣಿನಲ್ಲಿ ಬೆಳಕಿಗೆ ಸ್ಪಂದಿಸುವ ಕ್ರಿಪ್ಟೋಕ್ರೋಮ್ ಅನ್ನುವ ಪ್ರೋಟೀನ್ ಇದೆಯಲ್ಲ. 2008ರಲ್ಲಿ ಅಮೆರಿಕದ ಸ್ಟೀವನ್ ರೆಪರ್ಟ್ ತಂಡ ಹಣ್ಣಿನ ನೊಣಗಳಿಗೆ ಕಾಂತಕ್ಷೇತ್ರ ಅಂದರೆ ಸಕ್ಕರೆ ಅಂತ ಕಲಿಸಿತು. ಕ್ರಿಪ್ಟೋಕ್ರೋಮ್ ಜೀನ್ ಕೆಟ್ಟ ನೊಣಗಳು ಕಲಿಯಲಿಲ್ಲ. ನೀಲಿ, ನೇರಳಾತೀತ ಬೆಳಕು ತಡೆದರೂ ಕಲಿಯಲಿಲ್ಲ. ನೀವು ಹೇಳಿದ "ಕಲಿಸಿ ನೋಡಿ" ಪರೀಕ್ಷೆಯೇ ಇದು ತಾನೇ?

ಪಿಯು_ಮೇಷ್ಟ್ರು

ತಮ್ಮಾ, 2023ರಲ್ಲಿ ಬಂದದ್ದನ್ನೂ ಓದು. ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾರ್ಕೋ ಬಸೆಟ್ಟೋ, ಹೆನ್ರಿಕ್ ಮೌರಿಟ್ಸನ್ ಮತ್ತು ಜೊತೆಗಾರರು ಅದೇ ಪರೀಕ್ಷೆಯನ್ನು, ಅಂದರೆ ಕವಲು ದಾರಿಯಲ್ಲಿ ನೊಣ ಯಾವ ಕಡೆ ಹೋಗುತ್ತೆ ಅಂತ ನೋಡುವುದನ್ನು, 97,658 ನೊಣಗಳ ಮೇಲೆ ಮತ್ತೆ ಮಾಡಿದರು. ಹೊರಗಿನ ಕಾಂತಕ್ಷೇತ್ರ, ರೇಡಿಯೋ ಗದ್ದಲ ಒಳಬರದ ಕಟ್ಟಡದಲ್ಲಿ. ಇನ್ನೊಂದು ರೀತಿಯ, ನೊಣ ಗೋಡೆ ಹತ್ತುವ ಪರೀಕ್ಷೆಯನ್ನು 10,960 ನೊಣಗಳ ಮೇಲೆ. ಕಾಂತಕ್ಷೇತ್ರದ ಯಾವ ಪರಿಣಾಮವೂ ಕಾಣಲಿಲ್ಲ. ಮಾಡಿದವರು ಈ ಇಂದ್ರಿಯವನ್ನು ನಂಬದ ಜನ ಅಲ್ಲ. ಹಕ್ಕಿಗಳ ಕಾಂತಪ್ರಜ್ಞೆಯ ಮೇಲೆ ಜೀವಮಾನ ಕೆಲಸ ಮಾಡಿದವರೇ.

ಜೀವಕೋಶ_ಧಾರವಾಡ

ಹಾಗಾದರೆ ಕ್ರಿಪ್ಟೋಕ್ರೋಮ್ ಕಥೆ ಮುಗೀತಾ ಸರ್?

ನಡವಳಿಕೆ_ಪಾಠ

ಇಲ್ಲ. ನೊಣದ ಕಥೆಗೆ ಪೆಟ್ಟು ಬಿತ್ತು. ಹಕ್ಕಿಯ ಕಥೆ ಬೇರೆ ನೆಲದ ಮೇಲೆ ನಿಂತಿದೆ.

ಯುರೋಪಿನ ರಾಬಿನ್ ಹಕ್ಕಿ ವಲಸೆ ಕಾಲದಲ್ಲಿ ಪಂಜರದೊಳಗೂ ಹೋಗಬೇಕಾದ ದಿಕ್ಕಿಗೇ ಹಾರಿ ಹಾರಿ ಬೀಳುತ್ತೆ. 1960ರ ದಶಕದಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಿಲ್ಚ್ಕೋ ಸುರುಳಿಯಿಂದ ಉತ್ತರ ತಿರುಗಿಸಿದಾಗ ಹಕ್ಕಿಯೂ ತಿರುಗಿತು. ಕ್ಲಾಸ್ ಶುಲ್ಟನ್ 1978ರಲ್ಲಿ ಒಂದು ಯೋಚನೆ ಮುಂದಿಟ್ಟಿದ್ದರು. ಒಂಟಿ ಎಲೆಕ್ಟ್ರಾನ್ ಇರುವ ಅಣುಗಳ ಜೋಡಿ, ಅಂದರೆ ರ‍್ಯಾಡಿಕಲ್ ಜೋಡಿ, ಇಷ್ಟು ದುರ್ಬಲ ಕ್ಷೇತ್ರಕ್ಕೂ ಸ್ಪಂದಿಸಬಹುದು ಅಂತ. 2000ದಲ್ಲಿ ಥಾರ್ಸ್ಟನ್ ರಿಟ್ಸ್ ಜೊತೆ ಸೇರಿ, ಆ ಅಣು ಕಣ್ಣಿನ ಕ್ರಿಪ್ಟೋಕ್ರೋಮ್ ಇರಬೇಕು ಅಂದರು. 2021ರಲ್ಲಿ ರಾಬಿನ್‌ನ ಕ್ರಿಪ್ಟೋಕ್ರೋಮ್ 4 ಪರೀಕ್ಷಾನಳಿಕೆಯಲ್ಲಿ ಕಾಂತಕ್ಷೇತ್ರಕ್ಕೆ ಸ್ಪಂದಿಸುವುದು ಕಂಡಿತು. ಪರೀಕ್ಷಾನಳಿಕೆಯಲ್ಲಿ, ಗಮನಿಸು. ಜೀವಂತ ಹಕ್ಕಿಯ ಕಣ್ಣಿನೊಳಗೆ ಅದೇ ಆಗುತ್ತೆ ಅನ್ನುವುದು ಮುಂದಿನ ಮೆಟ್ಟಿಲು.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಓಲ್ಡನ್‌ಬರ್ಗ್‌ನದೇ. ಅಲ್ಲಿನ ವಿಶ್ವವಿದ್ಯಾಲಯದ ಆವರಣದ ಮರದ ಗುಡಿಸಲುಗಳಲ್ಲಿ ರಾಬಿನ್‌ಗಳು ಸರಿಯಾದ ದಿಕ್ಕು ಹಿಡಿಯುತ್ತಲೇ ಇರಲಿಲ್ಲ. ಆಹಾರ, ಬೆಳಕು, ಪಂಜರ ಏನು ಬದಲಿಸಿದರೂ ಇಲ್ಲ. ಕೊನೆಗೆ ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅರ್ತ್ ಮಾಡಿದರು. ಹಕ್ಕಿಗಳು ದಿಕ್ಕು ಹಿಡಿದವು. ಅರ್ತ್ ತಂತಿ ತೆಗೆದರೆ ಮತ್ತೆ ಕಳೆದುಕೊಂಡವು. ಅಲ್ಯೂಮಿನಿಯಂ ಭೂಮಿಯ ಕಾಂತಕ್ಷೇತ್ರವನ್ನು ತಡೆಯಲ್ಲ, ರೇಡಿಯೋ ಅಲೆಗಳ ಗದ್ದಲವನ್ನು ತಡೆಯುತ್ತೆ. ಯಾವ ಗುಡಿಸಲಿಗೆ ತಡೆ ಇದೆ ಅಂತ, ಹಕ್ಕಿ ಹಾರಲು ನೋಡಿದ ದಿಕ್ಕು ತೋರಿಸುವ ಕಾಲಿನ ಗೀಚು ಎಣಿಸುವ ವಿದ್ಯಾರ್ಥಿಗಳಿಗೂ ಹೇಳಿರಲಿಲ್ಲ. ಏಳು ವರ್ಷ ಹೀಗೆ ಮಾಡಿ 2014ರಲ್ಲಿ ಪ್ರಕಟಿಸಿದರು. ತೊಂದರೆ ಕೊಡುತ್ತಿದ್ದದ್ದು 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್ ನಡುವಿನ ಗದ್ದಲ. ಎಎಂ ರೇಡಿಯೋ, ಎಲೆಕ್ಟ್ರಾನಿಕ್ ಸಾಮಾನುಗಳಿಂದ ಬರುವಂಥದ್ದು. ಮೊಬೈಲ್ ಟವರಿನ ಅಲೆ ಇದಕ್ಕಿಂತ ತುಂಬಾ ಮೇಲಿನ ಆವರ್ತನದ್ದು, ಆದ್ದರಿಂದ ಇದನ್ನು ಟವರಿಗೆ ಸಾಕ್ಷಿಯಾಗಿ ಹಂಚಬೇಡಿ.

ತುಡುವೆ_ಶಿರಸಿ

ನಾನು ಜೇನು ಸಾಕುವವನು. ತೋಟದ ಒಂದು ಅಂಚಿನ ಮೇಲೆ ಹೈಟೆನ್ಶನ್ ಲೈನ್ ಹೋಗುತ್ತೆ. ಅದರಡಿ ಇಟ್ಟ ತುಡುವೆ ಪೆಟ್ಟಿಗೆಗಳು ನಿಲ್ಲುವುದಿಲ್ಲ, ಹುಳ ಗೂಡು ಬಿಟ್ಟು ಹೋಗುತ್ತೆ. ಮಿಕ್ಕ ಕಡೆ ಇಟ್ಟವು ಚೆನ್ನಾಗಿವೆ. ಇದೂ ಕಾಂತಕ್ಷೇತ್ರವಾ? ಮೇಷ್ಟ್ರು ಹೇಳಿದ 40 ಮೈಕ್ರೋಟೆಸ್ಲಾ ಲೆಕ್ಕದಲ್ಲಿ ಇದು ಎಷ್ಟು?

ಪಿಯು_ಮೇಷ್ಟ್ರು

ಎರಡು ಬೇರೆ ಬೇರೆ. ಭೂಮಿಯದು ನಿಂತ ಕ್ಷೇತ್ರ, ಒಂದೇ ದಿಕ್ಕು. ಲೈನಿನದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವ ಕ್ಷೇತ್ರ. ಎಷ್ಟು ಅನ್ನುವುದು ತಂತಿಯಲ್ಲಿ ಹರಿಯುವ ಕರೆಂಟು, ತಂತಿಯ ಎತ್ತರ ನೋಡಿಕೊಂಡು. ಲೋಡ್ ಜಾಸ್ತಿ ಇರುವ ಹೊತ್ತಿನಲ್ಲಿ ಜಾಸ್ತಿ. ಪಕ್ಕಕ್ಕೆ ಸರಿದಂತೆ ಬೇಗ ಕಡಿಮೆಯಾಗುತ್ತೆ.

ನಡವಳಿಕೆ_ಪಾಠ

ಅಣ್ಣಾ, ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಆಗಿದೆ. ಸೆಬಾಸ್ಟಿಯನ್ ಶೆಫರ್ಡ್ ಮತ್ತು ಜೊತೆಗಾರರು, 2018. ಹುಳ ಯುರೋಪಿನ ಜೇನು, ನಿಮ್ಮ ತುಡುವೆ ಅಲ್ಲ.

ಜೇನಿಗೆ ಕಲಿಸುವ ವಿಧಾನ ನೋಡಲು ಸೊಗಸು. ಹುಳವನ್ನು ಸಣ್ಣ ಕೊಳವೆಯಲ್ಲಿ ತಲೆ ಮಾತ್ರ ಹೊರಗಿರುವಂತೆ ಕೂರಿಸುತ್ತಾರೆ. ಒಂದು ವಾಸನೆ ಊದುತ್ತಾರೆ, ತಕ್ಷಣ ಮೀಸೆಗೆ ಸಕ್ಕರೆ ನೀರು ತಾಗಿಸುತ್ತಾರೆ. ಹುಳ ನಾಲಿಗೆ ಚಾಚುತ್ತೆ. ಕೆಲವು ಸಲ ಆದ ಮೇಲೆ ವಾಸನೆಗೇ ನಾಲಿಗೆ ಚಾಚುತ್ತೆ. ಅದು ಕಲಿತದ್ದಕ್ಕೆ ಗುರುತು. 50 ಹರ್ಟ್ಸ್ ಕ್ಷೇತ್ರಕ್ಕೆ ಒಡ್ಡಿದ ಹುಳಗಳಲ್ಲಿ ಈ ಕಲಿಕೆ ಕುಗ್ಗಿತು. ಹಾರಾಟ ಬದಲಾಯಿತು, ಆಹಾರದ ಜಾಗ ತಲುಪುವುದು ಕಡಿಮೆಯಾಯಿತು. ಬಳಸಿದ ಪ್ರಮಾಣ 20ರಿಂದ 100 ಮೈಕ್ರೋಟೆಸ್ಲಾ, ಅಂದರೆ ಲೈನಿನ ಕೆಳಗೆ ನೆಲಮಟ್ಟದಲ್ಲಿ ಇರಬಹುದಾದದ್ದು. ಮತ್ತೆ 1000ದಿಂದ 7000, ತಂತಿಯ ಒಂದು ಮೀಟರ್ ಒಳಗೆ ಇರುವಂಥದ್ದು. 2019ರಲ್ಲಿ ಅದೇ ಗುಂಪು ಇನ್ನೊಂದು ಪ್ರಯೋಗ ಮಾಡಿತು. ನೋವು ತಪ್ಪಿಸಿಕೊಳ್ಳಲು ಕಲಿಯುವುದೂ ಕುಗ್ಗಿತು, ಹುಳಗಳ ಸಿಟ್ಟು ಹೆಚ್ಚಿತು.

ಆದರೂ ನಿಮ್ಮ ಪೆಟ್ಟಿಗೆ ಖಾಲಿಯಾಗುವುದಕ್ಕೆ ಇದೇ ಕಾರಣ ಅನ್ನಲು ಆಗಲ್ಲ. ಲೈನಿನಡಿ ಮರ ಕಡಿದಿರುತ್ತಾರೆ. ನೆರಳಿಲ್ಲ, ಹೂವು ಕಡಿಮೆ, ಬಿಸಿ ಜಾಸ್ತಿ. ತುಡುವೆಗೆ ಬಿಸಿಲೊಂದೇ ಸಾಕು ಗೂಡು ಬಿಡಲು. ಲೋಹದ ಮುಚ್ಚಳ ಇದ್ದರೆ ಲೈನಿನ ವಿದ್ಯುತ್ ಕ್ಷೇತ್ರದಿಂದ ಒಳಗೆ ಹುಳಕ್ಕೆ ಸಣ್ಣ ಶಾಕ್ ಹೊಡೆಯುವುದೂ ಇದೆ. ಅದು ಕಾಂತಕ್ಷೇತ್ರ ಅಲ್ಲ.

ತುಡುವೆ_ಶಿರಸಿ

ನಮ್ಮ ಪೆಟ್ಟಿಗೆಗಳ ಮೇಲೆ ತಗಡು ಇದೆ! ಬೇರೆ ಕಡೆಯ ಪೆಟ್ಟಿಗೆಗಳಿಗೂ ಇದೆ, ಆದರೆ ಅವು ಅಡಿಕೆ ನೆರಳಲ್ಲಿವೆ. ಲೈನಿನಿಂದ ದೂರ, ಬಿಸಿಲಿರುವ ಜಾಗದಲ್ಲೂ ಒಂದೆರಡು ಇಟ್ಟು ನೋಡಿದರೆ ಗೊತ್ತಾಗುತ್ತಲ್ಲ.

ನಡವಳಿಕೆ_ಪಾಠ

ಅದೇ ಸರಿಯಾದ ಹೋಲಿಕೆ. ಲೈನಿನಡಿಯ ಕೆಲವಕ್ಕೆ ತಗಡು ತೆಗೆದು ಹಲಗೆ ಮುಚ್ಚಿ ನೋಡಿ.

ಕೊಟ್ಟಿಗೆ_ಹಾಸನ

ಕಲಿಕೆ ಕೆಡಿಸುವುದು ಗೊತ್ತಾಯ್ತು. ಕಾಂತಕ್ಷೇತ್ರ ಕಲಿಕೆಗೆ ಸಹಾಯ ಮಾಡುವ ಪ್ರಾಣಿಯೂ ಇದೆಯಾ ಮೇಡಂ?

ನಡವಳಿಕೆ_ಪಾಠ

ಇದೆ. ಗ್ರೀಸ್ ದೇಶದ ಕ್ಯಾಟಗ್ಲಿಫಿಸ್ ಇರುವೆ. ಜರ್ಮನಿಯ ವ್ಯುರ್ಟ್ಸ್‌ಬರ್ಗ್‌ನ ಪಾಲಿನ್ ಫ್ಲೈಷ್‌ಮನ್, ರಾಬಿನ್ ಗ್ರೋಬ್, ವೋಲ್ಫ್‌ಗಾಂಗ್ ರೋಸ್ಲರ್ ತಂಡ 2018ರಲ್ಲಿ ತೋರಿಸಿದ್ದು.

ಈ ಇರುವೆ ಮೊದಲ ಸಲ ಗೂಡಿನಿಂದ ಹೊರಬಂದಾಗ ಆಹಾರಕ್ಕೆ ಹೋಗಲ್ಲ. ಗೂಡಿನ ಬಾಯಿಯ ಸುತ್ತಲೇ ಸಣ್ಣ ಸಣ್ಣ ಸುತ್ತು ಹಾಕುತ್ತೆ. ನಡುನಡುವೆ ನಿಂತಲ್ಲೇ ಗಿರಕಿ ಹೊಡೆದು, ತಟಕ್ಕನೆ ನಿಂತು, ಗೂಡಿನ ಬಾಯಿಯ ಕಡೆಗೇ ಮುಖ ಮಾಡುತ್ತೆ. ನೆಲಮಟ್ಟದಲ್ಲಿರುವ ಅದಕ್ಕೆ ಆ ತೂತು ಕಾಣುವುದೇ ಇಲ್ಲ. ಕಾಣದ ಬಾಯಿಯ ಕಡೆ ನೋಡುತ್ತಾ ಸುತ್ತಲಿನ ಮರ, ಗುಡ್ಡದ ನೋಟ ನೆನಪಿಟ್ಟುಕೊಳ್ಳುತ್ತಿರುತ್ತೆ. ಬಾಯಿಯ ಸುತ್ತ ಸುರುಳಿ ಇಟ್ಟು ಕಾಂತೀಯ ಉತ್ತರ ತಿರುಗಿಸಿದಾಗ, ಇರುವೆ ನೋಡಿದ ಜಾಗವೂ ತಿರುಗಿತು. ಬಾಯಿ ಇರಬೇಕಾಗಿದ್ದ ಸುಳ್ಳು ಜಾಗವನ್ನೇ ದಿಟ್ಟಿಸಿತು. ಸೂರ್ಯ ಆಕಾಶದಲ್ಲೇ ಇತ್ತು. ಆಹಾರ ತರಲು ಹೋಗುವಂತಾದ ಮೇಲೆ ಇದೇ ಇರುವೆ ಆಕಾಶದ ಬೆಳಕನ್ನು ದಿಕ್ಸೂಚಿ ಮಾಡಿಕೊಳ್ಳುತ್ತೆ. ಪಾಠ ಕಲಿಯುವ ದಿನಗಳಲ್ಲಿ ಮಾತ್ರ ಕಾಂತಕ್ಷೇತ್ರವೇ ಆಧಾರ. ಈ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ರೋಮಾಂಚನ ಆಗುತ್ತೆ.

ಕಡಲಮಗ ಅವರೇ, ನಿಮ್ಮ ಆಮೆಗಳ ಹೊಸ ಸುದ್ದಿಯೂ ಇದೆ. 2025ರಲ್ಲಿ ಲೋಮನ್ ತಂಡದ ಕೇಲಾ ಗೋಫೋರ್ತ್ ಎಳೆಯ ಲಾಗರ್‌ಹೆಡ್‌ಗಳನ್ನು ಎರಡು ಜಾಗದ ಕಾಂತಕ್ಷೇತ್ರದಲ್ಲಿ ಸಮ ಹೊತ್ತು ಇಟ್ಟರು. ಒಂದರಲ್ಲಿ ಮಾತ್ರ ಊಟ. ಸಾಕಿದ ಆಮೆಗಳು ಊಟದ ನಿರೀಕ್ಷೆಯಲ್ಲಿ ಮೈ ಮೇಲಕ್ಕೆತ್ತಿ, ಬಾಯಿ ತೆರೆದು, ಮುಂಗಾಲಿನ ಈಜುರೆಕ್ಕೆ ಬಡಿದು, ಕೆಲವೊಮ್ಮೆ ಗಿರಗಿರ ತಿರುಗಿ ಕುಣಿಯುತ್ತವೆ. ಊಟ ಕೊಡದೆ ಎರಡೂ ಕ್ಷೇತ್ರ ತೋರಿಸಿದರು. ಊಟದ ಕ್ಷೇತ್ರದಲ್ಲೇ ಜಾಸ್ತಿ ಕುಣಿದವು. ಸುಮಾರು ನಾಲ್ಕು ತಿಂಗಳ ನಂತರವೂ ನೆನಪಿತ್ತು. ರೇಡಿಯೋ ಅಲೆ ಹಾಕಿದಾಗ ಈ ನೆನಪು ಕೆಡಲಿಲ್ಲ, ಆದರೆ ಈಜುವ ದಿಕ್ಕು ಕೆಟ್ಟಿತು. ಅಂದರೆ ಜಾಗ ಗುರುತಿಸುವ ವ್ಯವಸ್ಥೆ ಬೇರೆ, ದಿಕ್ಕು ಹಿಡಿಯುವ ವ್ಯವಸ್ಥೆ ಬೇರೆ. ಮೇಲೆ ಪಾರಿವಾಳದ ನರಕ್ಕೂ ರಾಬಿನ್‌ನ ಕಣ್ಣಿಗೂ ಆಗಿದ್ದ ಜಗ್ಗಾಟಕ್ಕೆ ಇದೊಂದು ಒಳ್ಳೆಯ ಸುಳಿವು.

ಮಾಗಡಿಕೆರೆ_ಗದಗ

ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ದಕ್ಷಿಣಕ್ಕೆ ಬಂದಂತೆ ಕಾಂತಕ್ಷೇತ್ರದ ಗೆರೆಗಳು ನೆಲಕ್ಕೆ ಸಮ ಆಗುತ್ತವೆ ಅಂತ ಓದಿದ್ದೇನೆ. ಹಾಗಿದ್ದರೆ ಹಕ್ಕಿಯ ದಿಕ್ಸೂಚಿ ಇಲ್ಲಿ ಹೇಗೆ ನಡೆಯುತ್ತೆ?

ಪಿಯು_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತೆ. ತಿರುವನಂತಪುರದಲ್ಲಿ 19ನೇ ಶತಮಾನದಲ್ಲೇ ಕಾಂತಕ್ಷೇತ್ರ ಅಳೆಯಲು ವೀಕ್ಷಣಾಲಯ ಇತ್ತು. ಕರ್ನಾಟಕದಲ್ಲಿ ಗೆರೆಗಳ ವಾಲು ಸ್ವಲ್ಪ ಮಾತ್ರ.

ನಡವಳಿಕೆ_ಪಾಠ

ಇದು ಹಕ್ಕಿಗಳಿಗೆ ನಿಜವಾದ ಸಮಸ್ಯೆ. 1972ರಲ್ಲಿ ವಿಲ್ಚ್ಕೋ ದಂಪತಿ ತೋರಿಸಿದ ಪ್ರಕಾರ ರಾಬಿನ್‌ಗೆ ಉತ್ತರ-ದಕ್ಷಿಣ ಗೊತ್ತಾಗಲ್ಲ. ಗೆರೆ ಯಾವ ಕಡೆ ನೆಲಕ್ಕೆ ವಾಲಿದೆ, ಅಂದರೆ ಧ್ರುವದ ಕಡೆ ಯಾವುದು, ಸಮಭಾಜಕದ ಕಡೆ ಯಾವುದು, ಅಷ್ಟೇ ಗೊತ್ತು. ಗೆರೆ ಪೂರ್ತಿ ಸಮವಾದರೆ ಹಕ್ಕಿಗೆ ಎರಡೂ ಕಡೆ ಒಂದೇ.

ಹೆಬ್ಬಾತುಗಳ ಮೇಲೆ ಈ ಪರೀಕ್ಷೆ ಆಗಿದ್ದು ನನಗೆ ಗೊತ್ತಿಲ್ಲ, ಅವು ಸಮಭಾಜಕ ದಾಟುವುದೂ ಇಲ್ಲ. ನಮ್ಮ ನಾಡಿನ ಮೇಲೆ ಹಾದು ದಕ್ಷಿಣ ಆಫ್ರಿಕಾಕ್ಕೆ ಹೋಗುವ ಅಮುರ್ ಚಾಣ ದಾಟುತ್ತೆ. ದಾಟುವ ಹಕ್ಕಿಗಳ ಬಗ್ಗೆ ವಿಲ್ಚ್ಕೋ ದಂಪತಿ 1992ರಲ್ಲಿ ಗಾರ್ಡನ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಯ ಮೇಲೆ ಪ್ರಯೋಗ ಮಾಡಿದರು. ಇದು ಯುರೋಪಿನಿಂದ ಆಫ್ರಿಕಾಕ್ಕೆ ಹೋಗುವಂಥದ್ದು. ಜರ್ಮನಿಯಲ್ಲಿದ್ದಾಗ ಅದು ಸಮಭಾಜಕದ ಕಡೆಗೇ ಹಾರಲು ನೋಡುತ್ತಿತ್ತು. ಸುರುಳಿಯಿಂದ ಗೆರೆಗಳನ್ನು ನೆಲಕ್ಕೆ ಸಮ ಮಾಡಿ, ಸ್ವಲ್ಪ ಕಾಲ ಅದರಲ್ಲೇ ಇಟ್ಟರು. ಮತ್ತೆ ಜರ್ಮನಿಯ ಸಹಜ ಕ್ಷೇತ್ರಕ್ಕೆ ತಂದಾಗ ಹಕ್ಕಿ ಉತ್ತರಕ್ಕೆ, ಅಂದರೆ ಧ್ರುವದ ಕಡೆಗೆ ಹಾರಲು ನೋಡಿತು. ಸಮಭಾಜಕ ದಾಟಿದೆ, ಇನ್ನು ಧ್ರುವದ ಕಡೆಗೆ ಹೋದರೇ ದಕ್ಷಿಣ ಅನ್ನುವ ಲೆಕ್ಕ. ಸಮನಾದ ಗೆರೆಯೇ ಆ ಹಕ್ಕಿಗೆ ದಿಕ್ಕು ತಿರುಗಿಸುವ ಸೂಚನೆ ಆಯಿತು.

ಮಾಗಡಿಕೆರೆ_ಗದಗ

ಅಂದರೆ ಆಫ್ರಿಕಾಕ್ಕೆ ಹೋಗುವ ನಮ್ಮ ಚಾಣಗಳಿಗೂ ದಾರಿಯಲ್ಲಿ ಎಲ್ಲೋ ಈ ಲೆಕ್ಕ ಬದಲಾಗಬೇಕು. ನವೆಂಬರಿನಲ್ಲಿ ಇಲ್ಲಿ ಕಂಡ ಗುಂಪುಗಳ ದಿನಾಂಕ, ಹೋದ ದಿಕ್ಕು, ಆಕಾಶದ ಸ್ಥಿತಿ ಬರೆದಿಟ್ಟಿದ್ದೇವೆ. ಹಾಕುತ್ತೇನೆ.